ನಿವೃತ್ತ ಎಎಸ್‌ಐ ಅಪ್ಪಾಜಿಗೆ ನಿದ್ದೆ ಇಲ್ಲ: ಮನೆಯವರು ಏನು ಮಾಡಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ಅಪ್ಪಾಜಿ ಪೊಲೀಸ್ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿ, ಎಎಸ್‌ಐ ಆಗಿ ಹೋದ ವರ್ಷ ನಿವೃತ್ತರಾದರು. ಆಮೇಲಿಂದ ದಿನಾ ರಾತ್ರಿ ಎರಡು, ಮೂರು ಗಂಟೆಗೆ ಎದ್ದು ಗೇಟು, ಬೀಗ, ಹಿತ್ತಿಲು ನೋಡಿ ಬರುತ್ತಾರೆ. ಮತ್ತೆ ನಿದ್ದೆ ಹತ್ತುವುದಿಲ್ಲ. ಸಂಜೆ ಒಬ್ಬರೇ ಕೂತು ಒಂದು ಕ್ವಾರ್ಟರ್ ಕುಡಿಯುತ್ತಾರೆ. ಬ್ಯಾಚ್‌ಮೇಟುಗಳು ಫೋನ್ ಮಾಡಿದರೂ ಎತ್ತುವುದಿಲ್ಲ. ಮೊನ್ನೆ ಅಮ್ಮನ ಹತ್ತಿರ ‘ಇನ್ನು ನಾನಿದ್ದು ಯಾರಿಗೇನು’ ಅಂದರಂತೆ. ಚನ್ನಗಿರಿ ಕಡೆ ನಮ್ಮ ಅಡಿಕೆ ತೋಟದ ಮನೆಯಲ್ಲಿ ಅವರ ಹೆಸರಿನ ಲೈಸೆನ್ಸ್ ಬಂದೂಕಿದೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ ‘ನನಗೇನು ಹುಚ್ಚಾ’ ಎಂದು ರೇಗುತ್ತಾರೆ. ಪಿಂಚಣಿಗೆ ತೊಂದರೆ ಆದೀತು ಎಂಬ ಭಯವೂ ಇದೆ. ನನ್ನ ತಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹೆದ್ದಾರಿ ಬದಿಯ ಠಾಣೆಯೊಂದರಲ್ಲಿ ಕಾನ್‌ಸ್ಟೇಬಲ್. ಆರು ವಾರದ ಹಿಂದೆ ಒಂದು ಅಪಘಾತದಲ್ಲಿ ಮಗುವಿನ ಶವ ಎತ್ತಿದ ಮೇಲೆ ಅವನೂ ಸರಿಯಾಗಿ ಮಲಗುತ್ತಿಲ್ಲ. ಅಪ್ಪಾಜಿಯನ್ನು ಒಂದು ಶಾಲೆಯವರು ಸೆಕ್ಯುರಿಟಿ ಕೆಲಸಕ್ಕೆ ಕರೆಯುತ್ತಿದ್ದಾರೆ. ಕಳಿಸಬಹುದೇ? ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಉತ್ತರ: ಮೊದಲು ಬಂದೂಕು. ಉಳಿದದ್ದೆಲ್ಲ ಆಮೇಲೆ.

‘ನಾನಿದ್ದು ಯಾರಿಗೇನು’ ಎಂಬ ಮಾತನ್ನು ಬೇಜಾರಿನ ಮಾತು ಎಂದು ಪಕ್ಕಕ್ಕಿಡಬೇಡಿ. ನಿದ್ದೆಗೆಟ್ಟ, ದಿನಾ ಕುಡಿಯುವ, ಜನರಿಂದ ದೂರ ಸರಿದ ಮನುಷ್ಯ ಆ ಮಾತು ಆಡಿದರೆ ಅದು ಎಚ್ಚರಿಕೆಯೇ. ಇಂಥ ಯೋಚನೆ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಯಾವುದೋ ಒಂದು ಗಳಿಗೆಯಲ್ಲಿ ಉಕ್ಕಿ ಬಂದು ಇಳಿಯುತ್ತದೆ. ಆ ಗಳಿಗೆಯಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಹಾಗಾಗಿ ಈ ವಾರವೇ ಬಂದೂಕನ್ನು ವ್ಯಾಪ್ತಿಯ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಶಸ್ತ್ರಾಸ್ತ್ರ ವ್ಯಾಪಾರಿಯ ಬಳಿ ಠೇವಣಿ ಇಡಿಸಿ, ರಸೀದಿ ತೆಗೆದುಕೊಳ್ಳಿ. ಚುನಾವಣೆ ಬಂದಾಗ ಊರವರ ಬಂದೂಕುಗಳನ್ನು ಜಮಾ ಮಾಡಿಸಿಕೊಂಡ ಅನುಭವ ನಿಮ್ಮ ತಂದೆಗೇ ಇರುತ್ತದೆ. ಅವರಿಗೆ ಇದು ಹೊಸ ವಿಧಾನವಲ್ಲ. ನೀವೇ ಎತ್ತಿಕೊಂಡು ಹೋಗಲು ನೋಡಬೇಡಿ. ಲೈಸೆನ್ಸ್ ಅವರ ಹೆಸರಿನಲ್ಲಿದೆ, ಅವರ ಜೊತೆಗೇ ಹೋಗಬೇಕು ಅಥವಾ ಠಾಣೆಯವರಿಗೆ ವಿಷಯ ತಿಳಿಸಿ ಅವರ ಮೂಲಕವೇ ಮಾಡಿಸಬೇಕು. ‘ನೀವು ಚೆನ್ನಾಗಿ ನಿದ್ದೆ ಮಾಡೋವರೆಗೆ ಬಂದೂಕು ಠಾಣೇಲಿರಲಿ ಅಪ್ಪಾಜಿ, ನಮಗೆ ಹೆದರಿಕೆ ಆಗ್ತಿದೆ’ ಎಂದು ನೇರವಾಗಿ ಹೇಳಿ. ತೋಟದ ಮನೆಯಲ್ಲಿರುವ ಕೀಟನಾಶಕ, ಕಳೆನಾಶಕವನ್ನೂ ಬೀಗ ಹಾಕಿದ ಕಡೆ ಇಡಿಸಿ, ಕೀಲಿ ತೋಟ ನೋಡಿಕೊಳ್ಳುವವರ ಬಳಿ ಇರಲಿ. ಮನೆಯಲ್ಲಿರುವ ಬಿಪಿ, ಸಕ್ಕರೆ, ನಿದ್ದೆಯ ಮಾತ್ರೆಗಳನ್ನು ಅಮ್ಮ ಒಂದು ವಾರಕ್ಕಾಗುವಷ್ಟು ಮಾತ್ರ ಹೊರಗಿಡಲಿ.

ಎರಡನೆಯದು, ಕೇಳಿಬಿಡಿ. ‘ಅಪ್ಪಾಜಿ, ಸಾಯಬೇಕು ಅನ್ನೋ ಯೋಚನೆ ಬರುತ್ತಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಕೇಳಿದರೆ ಭಾರ ಇಳಿಯುತ್ತದೆ. ‘ಹೌದು’ ಎಂದರೆ ಬುದ್ಧಿ ಹೇಳಬೇಡಿ, ಅಳಬೇಡಿ, ‘ಮೊಮ್ಮಕ್ಕಳ ಮುಖ ನೋಡಿ’ ಎನ್ನಬೇಡಿ. ಹೇಗೆ, ಯಾವಾಗ ಎಂದು ಯೋಚಿಸಿದ್ದಾರೆಯೇ ಎಂದು ಕೇಳಿ. ಯೋಚನೆ ಅಲ್ಲಿವರೆಗೆ ಹೋಗಿದ್ದರೆ ಅವರನ್ನು ಒಬ್ಬರೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಮಾಡದಿದ್ದರೆ ನೀವು ಮಾಡಿ, ಮನೆಯವರು ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದರೂ ಹೇಳಿಕೊಡುತ್ತಾರೆ.

ಇನ್ನು, ಅವರಿಗೆ ಏನಾಗಿದೆ ಎಂಬುದು. ಪರೀಕ್ಷಿಸದೆ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ. ಆದರೆ ನೀವು ಬರೆದಿರುವುದರಲ್ಲಿ ಮೂರು ಎಳೆ ಒಟ್ಟಿಗೆ ಹೆಣೆದುಕೊಂಡಿವೆ. ಖಿನ್ನತೆ, ಕುಡಿತ, ಮತ್ತು ಡ್ಯೂಟಿ ಮುಗಿದರೂ ಕಾವಲು ಬಿಡದ ದೇಹ.

ಪೊಲೀಸ್ ಕೆಲಸದಲ್ಲಿ ನಿದ್ದೆಗೆ ಹೊತ್ತು ಗೊತ್ತು ಇರುವುದಿಲ್ಲ. ನೈಟ್ ರೌಂಡ್ಸ್ ಮುಗಿಸಿ ಬಂದವರಿಗೆ ಬೆಳಿಗ್ಗೆ ಕೋರ್ಟ್ ಡ್ಯೂಟಿ, ಅದು ಮುಗಿಯುವಷ್ಟರಲ್ಲಿ ಬಂದೋಬಸ್ತ್. ನಾಯಕನಹಟ್ಟಿ ಜಾತ್ರೆ, ದುಗ್ಗಮ್ಮನ ಜಾತ್ರೆ, ಗಣಪತಿ ವಿಸರ್ಜನೆ ಮೆರವಣಿಗೆ ಎಂದರೆ ಊರಿಗೆ ಹಬ್ಬ, ಇವರಿಗೆ ನಿಂತ ಕಾಲಲ್ಲೇ ಹತ್ತು ಹದಿನೈದು ತಾಸು. ಸಣ್ಣ ಸದ್ದಿಗೂ ಎಚ್ಚರವಾಗುವುದು, ಹೋಟೆಲಿಗೆ ಹೋದರೆ ಬಾಗಿಲಿಗೆ ಮುಖ ಮಾಡಿ ಕೂರುವುದು, ಎದುರಿಗೆ ಬಂದವರ ಕೈ ಮೊದಲು ನೋಡುವುದು, ಇವೆಲ್ಲ ಆ ಕೆಲಸಕ್ಕೆ ಬೇಕಾದ ಗುಣಗಳೇ. 34 ವರ್ಷ ಹೀಗೆ ಪಳಗಿದ ನರಮಂಡಲ ನಿವೃತ್ತಿ ಆದೇಶ ಓದಿ ಸುಮ್ಮನಾಗುವುದಿಲ್ಲ. ರಾತ್ರಿ ಮೂರಕ್ಕೆ ಅವರು ಗೇಟು ನೋಡುವುದು ಹಠವೂ ಅಲ್ಲ, ಸಂಶಯದ ಬುದ್ಧಿಯೂ ಅಲ್ಲ.

ಅದರ ಕೆಳಗೆ ಇನ್ನೊಂದು ಪದರವಿದೆ. ಸಾಮಾನ್ಯ ಮನುಷ್ಯ ಜೀವಮಾನದಲ್ಲಿ ಒಂದೋ ಎರಡೋ ಭೀಕರ ಸಾವು ಕಣ್ಣಾರೆ ನೋಡುತ್ತಾನೆ. ಠಾಣೆಯ ಸಿಬ್ಬಂದಿಗೆ ಯುಡಿಆರ್ (ಅಸಹಜ ಸಾವಿನ ವರದಿ) ಎಂದರೆ ದಿನನಿತ್ಯದ ಕೆಲಸ. ನೇಣಿನಿಂದ ಇಳಿಸುವುದು, ಬಾವಿಯಿಂದ ಎತ್ತಿಸುವುದು, ಶವ ಪಂಚನಾಮೆ ಬರೆಯುವುದು, ಶವಾಗಾರದ ಮುಂದೆ ಮನೆಯವರ ಆಕ್ರಂದನದ ನಡುವೆ ನಿಂತು ಸಹಿ ಹಾಕಿಸಿಕೊಳ್ಳುವುದು. ಹಿರಿಯೂರಿನಿಂದ ಚಿತ್ರದುರ್ಗ, ದಾವಣಗೆರೆ ದಾಟಿ ಹರಿಹರದವರೆಗೆ ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಠಾಣೆಗಳಲ್ಲಿ ದುಡಿದವರಿಗೆ ಇದು ಇನ್ನೂ ಹೆಚ್ಚು. ಸೇವೆಯಲ್ಲಿದ್ದಾಗ ಒಂದರ ಮೇಲೊಂದು ಕೆಲಸ ಬಂದು ಇವೆಲ್ಲ ಒಳಗೇ ಉಳಿದಿರುತ್ತವೆ. ನಿವೃತ್ತಿಯಾಗಿ ಕೈ ಖಾಲಿಯಾದಾಗ ಮೇಲೆದ್ದು ಬರುತ್ತವೆ. ಬೈಪಾಸಿನ ಒಂದು ತಿರುವು ಬಂದಾಗ ಮಾತು ನಿಲ್ಲಿಸುವುದು, ಫಿನೈಲ್ ವಾಸನೆಗೆ ಮುಖ ಕಿವುಚಿ ಎದ್ದು ಹೋಗುವುದು, ಕನಸಿನಲ್ಲಿ ಕೂಗುವುದು, ಟಿವಿಯಲ್ಲಿ ಅಪಘಾತದ ಸುದ್ದಿ ಬಂದರೆ ಚಾನೆಲ್ ಬದಲಿಸುವುದು ಇದ್ದರೆ ಬರೆದಿಟ್ಟುಕೊಳ್ಳಿ. ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ.

ಮತ್ತೊಂದು ನಷ್ಟವನ್ನು ಮನೆಯವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಂಬಳ ಹೋದರೆ ಪಿಂಚಣಿ ಬರುತ್ತದೆ. ಜೊತೆಯವರು ಹೋದರೆ ಆ ಜಾಗಕ್ಕೆ ಏನೂ ಬರುವುದಿಲ್ಲ. ಪೊಲೀಸರ ಸ್ನೇಹ ಎದುರುಬದುರು ಕೂತು ಕಷ್ಟ ಹೇಳಿಕೊಂಡು ಬೆಳೆದದ್ದಲ್ಲ. ಜಾತ್ರೆ ಬಂದೋಬಸ್ತಿನಲ್ಲಿ ಕಲ್ಯಾಣ ಮಂಟಪದ ನೆಲದ ಮೇಲೆ ಒಂದೇ ಜಮಖಾನದಲ್ಲಿ ಮಲಗಿ, ತಣ್ಣಗಾದ ಚಿತ್ರಾನ್ನದ ಪೊಟ್ಟಣ ಹಂಚಿಕೊಂಡು, ಕಲ್ಲು ತೂರಾಟದಲ್ಲಿ ಪಕ್ಕದವನ ಶೀಲ್ಡಿನ ಮರೆಯಲ್ಲಿ ನಿಂತು ಬೆಳೆದದ್ದು. ಅಲ್ಲಿ ಮಾತು ಕಡಿಮೆ, ಪಕ್ಕದಲ್ಲಿರುವುದು ಹೆಚ್ಚು. ನಿವೃತ್ತಿಯ ದಿನ ಹಾರ ಹಾಕಿ, ಜೀಪಿನಲ್ಲಿ ಮನೆವರೆಗೆ ಬಿಟ್ಟು ಹೋಗುತ್ತಾರೆ. ಮರುದಿನ ಬೆಳಿಗ್ಗೆ ಹಾಜರಾತಿಯಲ್ಲಿ ಅವರ ಹೆಸರು ಕರೆಯುವವರಿಲ್ಲ.

ಆದ್ದರಿಂದ ಡಾಕ್ಟರ ಹತ್ತಿರ ಕರೆದೊಯ್ಯಲು ನಿಮಗಿಂತ ಬ್ಯಾಚ್‌ಮೇಟ್ ವಾಸಿ. ಮಗಳು ಹೇಳಿದರೆ ಅದು ಕಾಳಜಿ, ಹೆಂಡತಿ ಹೇಳಿದರೆ ಕಿರಿಕಿರಿ. ಜೊತೆಗೆ ತರಬೇತಿ ಮುಗಿಸಿದವನು ಹೇಳಿದರೆ ಮಾತ್ರ ಅದು ಸಮಾನನ ಮಾತು. ಆದರೆ ಆಯ್ಕೆಯಲ್ಲಿ ಎಚ್ಚರ ಬೇಕು. ಜೀವ ಉಳಿಸುವ ಇದೇ ಸ್ನೇಹ ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಕಷ್ಟದ ಕೇಸು ಮುಗಿದ ರಾತ್ರಿ ‘ಬಾ, ಎರಡು ಪೆಗ್ ಹಾಕು, ಸರಿ ಹೋಗ್ತದೆ’ ಎಂದವರೂ ಅವರೇ. ನಾಲ್ಕೈದು ಜನ ಗುಂಪಾಗಿ ಬಂದರೆ ಹಳೆಯ ಮಾತು, ನಗು, ಬಾಟಲಿ, ಅಷ್ಟಕ್ಕೇ ಮುಗಿಯುತ್ತದೆ. ಒಬ್ಬರನ್ನು ಆರಿಸಿ. ಕುಡಿಯದವರು ಅಥವಾ ಕುಡಿತ ಬಿಟ್ಟವರಾದರೆ ಉತ್ತಮ. ಅಪ್ಪಾಜಿ ಸೇವೆಯಲ್ಲಿದ್ದಾಗ ಯಾರ ಮಾತಿಗೆ ತಲೆಯಾಡಿಸುತ್ತಿದ್ದರು ಎಂಬುದು ಅಮ್ಮನಿಗೆ ಗೊತ್ತಿರುತ್ತದೆ.

ಅವರಿಗೆ ನೀವು ಮೊದಲೇ ಎಲ್ಲ ತಿಳಿಸಿ. ಬಂದೂಕಿನ ವಿಷಯ, ‘ನಾನಿದ್ದು ಯಾರಿಗೇನು’ ಎಂಬ ಮಾತು, ಕುಡಿತದ ಅಳತೆ ಎಲ್ಲವನ್ನೂ. ಫೋನ್ ಮಾಡಿದರೆ ಎತ್ತದವರ ಮನೆಗೆ ನೇರ ಬರಲಿ, ಬೆಳಿಗ್ಗೆ ಆರರ ಹೊತ್ತಿಗೆ. ಆಗ ಕುಡಿದಿರುವುದಿಲ್ಲ, ಎದ್ದೇ ಇರುತ್ತಾರೆ. ಮನೆಯೊಳಗೆ ಕೂತು ಮಾತಾಡುವುದಕ್ಕಿಂತ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತ ಮಾತಾಡುವುದು ಒಳ್ಳೆಯದು. ಪಕ್ಕಪಕ್ಕದಲ್ಲಿ ನಡೆಯುವಾಗ ಇಂಥವರ ಬಾಯಿ ಬಿಚ್ಚಿಕೊಳ್ಳುತ್ತದೆ. ಮೊದಲ ದಿನವೇ ಆಸ್ಪತ್ರೆ ಸುದ್ದಿ ಬೇಡ. ಎರಡನೆಯದೋ ಮೂರನೆಯದೋ ಸಲ, ‘ರಾತ್ರಿ ನಿದ್ದೆ ಬರ್ತೈತೇನಪಾ? ರಿಟೈರ್ ಆದಮೇಲೆ ಭಾಳ ಜನಕ್ಕೆ ಹಿಂಗೇ ಆಗ್ತದೆ. ನಿದ್ದಿಗೊಂದು ತೋರಿಸ್ಕಂಡು ಬರೋಣ ನಡಿ, ನಾನೂ ಬರ್ತೀನಿ’ ಎಂದರೆ ಸಾಕು. ನಿದ್ದೆಯ ಹೆಸರಿನಲ್ಲಿ ಹೋಗುವುದು ಸುಳ್ಳಲ್ಲ. ಅವರಿಗೆ ನಿಜಕ್ಕೂ ಕಾಡುತ್ತಿರುವುದು ಅದೇ. ಆದರೆ ‘ಸಕ್ಕರೆ ಪರೀಕ್ಷೆ’ ಎಂದು ಹೇಳಿ ಮನೋವೈದ್ಯರ ಕೊಠಡಿಗೆ ನುಗ್ಗಿಸುವ ಕೆಲಸ ಬೇಡ. ಜೀವನಪೂರ್ತಿ ಸುಳ್ಳು ಹಿಡಿದವರು ಅವರು. ಒಮ್ಮೆ ಮೋಸ ಅನ್ನಿಸಿದರೆ ಎರಡನೇ ಸಲ ಬರುವುದಿಲ್ಲ. ಮೇಲೆ ಹೇಳಿದ ಆತ್ಮಹತ್ಯೆಯ ಸೂಚನೆ ಕಂಡರೆ ಮಾತ್ರ ಈ ನಿಧಾನ ಬೇಡ, ಅದೇ ದಿನ ಹೊರಡಿ.

ಎಲ್ಲಿಗೆ? ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಆಸ್ಪತ್ರೆಯಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳೂ ಇವೆ. ಮಾನಸಿಕ ಆರೋಗ್ಯ ವಿಭಾಗ ಎಂದು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಚಿತ್ರದುರ್ಗದಲ್ಲೂ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ದಿನ ಖಚಿತ ಮಾಡಿಕೊಳ್ಳಿ. ಜನಸಂದಣಿಯಲ್ಲಿ ಗುರುತಿನವರು ಸಿಕ್ಕಾರು ಎಂಬ ಸಂಕೋಚ ಅವರಿಗಿದ್ದರೆ ಮೊದಲ ಸಲ ಟೆಲಿ ಮನಸ್ ಮೂಲಕವೇ ಮಾತಾಡಿಸಿ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎಷ್ಟಕ್ಕೆ ಮಲಗುತ್ತಾರೆ, ಎಷ್ಟಕ್ಕೆ ಏಳುತ್ತಾರೆ, ದಿನಕ್ಕೆ ಎಷ್ಟು ಮಿಲಿ ಕುಡಿತ, ಕೊನೆಯ ಸಲ ಪೂರ್ತಿ ಬಿಟ್ಟಿದ್ದು ಯಾವಾಗ, ಆಗ ಏನಾಯಿತು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಗುಟ್ಕಾ ಅಥವಾ ಸಿಗರೇಟು, ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ. ವೈದ್ಯರು ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಕೊಡಬಹುದು. ಹಿಂದಿನ ಎರಡು ವಾರದ ಸ್ಥಿತಿಗೆ ತಕ್ಕಂತೆ 27ರವರೆಗೆ ಅಂಕ ಬರುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರುವ ಸಾಧ್ಯತೆ ಹೆಚ್ಚು. ಥೈರಾಯ್ಡ್, ಬಿ12, ಸಕ್ಕರೆ, ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿ. ಇವುಗಳಲ್ಲಿ ಏರುಪೇರಾದರೂ ಮನಸ್ಸು ಕುಗ್ಗುತ್ತದೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗಿ ಏಳುತ್ತಾರೆಯೇ ಎಂದು ಅಮ್ಮ ಎರಡು ರಾತ್ರಿ ಗಮನಿಸಲಿ. ಹಾಗಿದ್ದರೆ ನಿದ್ದೆಗೆಡಲು ಅದೂ ಒಂದು ಕಾರಣ. ಅದಕ್ಕೆ ಚಿಕಿತ್ಸೆಯೇ ಬೇರೆ.

ಕುಡಿತದ ಬಗ್ಗೆ ತುಸು ವಿವರವಾಗಿ ಹೇಳಲೇಬೇಕು, ಮನೆಯವರು ಹೆಚ್ಚು ಎಡವುವುದು ಇಲ್ಲೇ. ಒಂದು ಕ್ವಾರ್ಟರ್ ಎಂದರೆ 180 ಮಿಲಿ. ಶೇ 42.8ರ ವಿಸ್ಕಿ ಅಥವಾ ಬ್ರಾಂದಿಯಲ್ಲಿ ಅಷ್ಟಕ್ಕೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ವೈದ್ಯರ ಲೆಕ್ಕದ ಒಂದು ‘ಡ್ರಿಂಕ್’ 10 ಗ್ರಾಂ. ಅಂದರೆ ಅವರು ದಿನಕ್ಕೆ ಆರು ಡ್ರಿಂಕ್ ತೆಗೆದುಕೊಳ್ಳುತ್ತಿದ್ದಾರೆ, ‘ಒಂದೇ ಕ್ವಾರ್ಟರ್’ ಎಂದು ಸಮಾಧಾನ ಪಡುವಂಥದ್ದಲ್ಲ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ ನಿಜ. ಆದರೆ ನಾಲ್ಕೈದು ತಾಸಿನಲ್ಲಿ ಅಮಲು ಇಳಿಯುವಾಗ ಮೆದುಳು ಕೆರಳಿ ಎಚ್ಚರವಾಗುತ್ತದೆ. ರಾತ್ರಿ ಹತ್ತಕ್ಕೆ ಮಲಗಿದವರು ಎರಡು, ಮೂರಕ್ಕೆ ಏಳುವುದಕ್ಕೆ ಅರ್ಧ ಕಾರಣ ಈ ಕ್ವಾರ್ಟರೇ ಇರಬಹುದು.

ಹಾಗೆಂದು ನಾಳೆಯಿಂದಲೇ ಬಾಟಲಿ ಕಿತ್ತುಕೊಳ್ಳಬೇಡಿ. ತಿಂಗಳುಗಟ್ಟಲೆ ದಿನಾ ಇಷ್ಟು ಕುಡಿದವರು ದಿಢೀರ್ ನಿಲ್ಲಿಸಿದರೆ 6ರಿಂದ 24 ತಾಸಿನೊಳಗೆ ಕೈ ನಡುಕ, ಬೆವರು, ಎದೆಬಡಿತ, ಚಡಪಡಿಕೆ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. 48ರಿಂದ 72 ತಾಸಿನ ಹೊತ್ತಿಗೆ ಕೆಲವರಿಗೆ ದಿಕ್ಕು, ಹೊತ್ತು ತಿಳಿಯದೆ, ಇಲ್ಲದವರು ಕಂಡಂತಾಗಿ ಕೂಗಾಡುವ ಸ್ಥಿತಿ ಬರುತ್ತದೆ. ಇದು ಪ್ರಾಣಕ್ಕೇ ಅಪಾಯ. ಬೆಳಿಗ್ಗೆ ಕೈ ನಡುಗುವುದು, ನಡುಕ ನಿಲ್ಲಿಸಲು ಬೆಳಿಗ್ಗೆಯೇ ಸ್ವಲ್ಪ ಕುಡಿಯುವುದು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿರುವುದು, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಯಲ್ಲಿ ಕೆಲವು ದಿನ ದಾಖಲಾಗಿಯೇ ಬಿಡಿಸಬೇಕು. ಅಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಕೊಡುತ್ತಾರೆ, ಥಯಾಮಿನ್ (ಬಿ1) ಇಂಜೆಕ್ಷನ್ ಹಾಕುತ್ತಾರೆ. ಈ ಯಾವ ಲಕ್ಷಣವೂ ಇಲ್ಲದಿದ್ದರೆ ಮನೆಯಲ್ಲಿದ್ದುಕೊಂಡೇ, ವೈದ್ಯರು ಹೇಳಿದ ಪ್ರಕಾರ ಬಿಡಬಹುದು.

ಅಂಗಡಿಯಲ್ಲಿ, ಜಾಹೀರಾತಿನಲ್ಲಿ ಸಿಗುವ ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ’ ದಯವಿಟ್ಟು ಬೇಡ. ಅಂಥ ಪುಡಿಯಲ್ಲಿ ಡೈಸಲ್ಫಿರಾಂ (ಕುಡಿತ ಬಿಡಿಸಲು ಕೊಡುವ ಔಷಧ) ಇದ್ದು, ಅದರ ಮೇಲೆ ಅವರು ಕುಡಿದರೆ ಬಿಪಿ ಕುಸಿದು ಹೃದಯಕ್ಕೆ ಅಪಾಯ ಆಗಬಹುದು. ಆ ಔಷಧವನ್ನು ರೋಗಿಯ ಒಪ್ಪಿಗೆ ಇದ್ದಾಗ, ಪರೀಕ್ಷೆಗಳಾದ ಮೇಲೆ ವೈದ್ಯರೇ ಕೊಡಬೇಕು. ಹಾಗೆಯೇ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ. ಆಲ್ಪ್ರಜೋಲಾಮ್‌ನಂಥ ಮಾತ್ರೆ ಕುಡಿತದ ಮೇಲೆ ಬಿದ್ದರೆ ಉಸಿರಾಟ ನಿಧಾನವಾಗುತ್ತದೆ. ದಿನಾ ತೆಗೆದುಕೊಂಡರೆ ಕೆಲವೇ ವಾರದಲ್ಲಿ ಅದೂ ಚಟವಾಗಬಹುದು.

ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್, ಸೆರ್ಟ್ರಾಲಿನ್‌ನಂಥ ಮಾತ್ರೆಗಳು ಬೇರೆ ಜಾತಿಯವು, ಚಟ ಹಿಡಿಸುವುದಿಲ್ಲ. ಮೊದಲ ವಾರ ಹೊಟ್ಟೆ ತೊಳೆಸಿದಂತೆ, ತುಸು ಚಡಪಡಿಕೆ ಆಗಬಹುದು. ಬಹಳ ಜನ ‘ಮಾತ್ರೆ ಒಗ್ಗಲಿಲ್ಲ’ ಎಂದು ಬಿಡುವುದು ಆಗಲೇ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತೂಗಿ ನೋಡಲು ಆರು ವಾರ ಬೇಕು. ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಇಳಿಸಬೇಕು. ಹಳೆಯ ಘಟನೆಗಳು ಕನಸಿನಲ್ಲಿ, ಎಚ್ಚರದಲ್ಲಿ ಮರಳಿ ಬರುತ್ತಿದ್ದರೆ ಮಾತ್ರೆಯ ಜೊತೆಗೆ ಮಾತಿನ ಚಿಕಿತ್ಸೆಯೂ ಬೇಕು. ವಾರಕ್ಕೊಮ್ಮೆ ಒಂದು, ಒಂದೂವರೆ ತಾಸಿನಂತೆ ಎಂಟರಿಂದ ಹನ್ನೆರಡು ಸಲ. ಆಘಾತ ಚಿಕಿತ್ಸೆಯಲ್ಲಿ ಪಳಗಿದ ಮನಶ್ಶಾಸ್ತ್ರಜ್ಞರೇ ಬೇಕು ಎಂದು ಕೇಳಿ ಪಡೆಯಿರಿ.

ಮನೆಯಲ್ಲಿ ನಿದ್ದೆಗೆ ಮಾಡಬೇಕಾದ್ದು ಕಷ್ಟದ್ದೇನಲ್ಲ, ಆದರೆ ಬಿಡದೆ ಮಾಡಬೇಕು. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದರೂ ಏಳುವ ಹೊತ್ತು ಒಂದೇ ಇರಲಿ, ಐದೂವರೆ ಎಂದರೆ ಐದೂವರೆ. ಮಧ್ಯಾಹ್ನದ ನಿದ್ದೆ ಅರ್ಧ ತಾಸು ಮೀರಬಾರದು. ಎರಡು ಗಂಟೆಯ ನಂತರ ಕಾಫಿ, ಚಹಾ ಬೇಡ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಮಬ್ಬು ಬೆಳಕಿನಲ್ಲಿ ಕೂತು, ನಿದ್ದೆ ಒತ್ತಿಬಂದಾಗ ಮಾತ್ರ ಮರಳಿ ಮಲಗಲಿ. ಗೇಟು ನೋಡುವುದನ್ನು ಒಮ್ಮೆಗೇ ತಡೆಯಬೇಡಿ, ಜಗಳವಾಗುತ್ತದೆ. ಮಲಗುವ ಮುನ್ನ ಅವರೇ ಒಂದು ಸುತ್ತು ಹಾಕಿ, ಬೀಗ ಎಳೆದು ನೋಡಿ, ‘ಎಲ್ಲ ಸರಿ ಇದೆ’ ಎಂದು ಗಟ್ಟಿಯಾಗಿ ಹೇಳಲಿ. ರಾತ್ರಿ ಎಚ್ಚರವಾದರೆ ಮೊದಲ ವಾರ ಕಿಟಕಿಯವರೆಗೆ ಮಾತ್ರ ಹೋಗುವುದು, ಮುಂದಿನ ವಾರ ಎದ್ದು ಕೂತು ಹತ್ತು ನಿಮಿಷ ಕಾಯುವುದು, ಆಮೇಲೂ ಅನ್ನಿಸಿದರೆ ಹೋಗಲಿ. ಹೀಗೆ ಇಳಿಸುತ್ತ ಬನ್ನಿ. ಅವರು ಮಲಗಿದ್ದಾಗ ಹಿಂದಿನಿಂದ ಮುಟ್ಟಿ ಎಬ್ಬಿಸಬೇಡಿ. ಕಾಲ ಬಳಿ ನಿಂತು ಹೆಸರು ಹಿಡಿದೋ ‘ಅಪ್ಪಾಜಿ’ ಎಂದೋ ಕರೆಯಿರಿ.

ಪಿಂಚಣಿಯ ಭಯಕ್ಕೆ ಆಧಾರವಿಲ್ಲ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮದಂತೆ ಪಿಂಚಣಿ ತಡೆಯಲು ಇಲಾಖಾ ವಿಚಾರಣೆಯಲ್ಲಿ ಅಥವಾ ನ್ಯಾಯಾಲಯದಲ್ಲಿ ಗಂಭೀರ ದುರ್ನಡತೆ, ನಿರ್ಲಕ್ಷ್ಯ ಸಾಬೀತಾಗಬೇಕು. ಕಾಯಿಲೆಗೆ ಚಿಕಿತ್ಸೆ ಪಡೆದದ್ದಕ್ಕೆ ಯಾರೂ ತಡೆಯಲಾರರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಕಲಂ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಚಿಕಿತ್ಸೆ ನೀಡುವ ಇತರ ವೈದ್ಯರಿಗೆ, ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ, ಹೀಗೆ ಕೆಲವೇ ಸಂದರ್ಭಗಳಲ್ಲಿ ಅದು ಹೊರಬರಬಹುದು. ಇದೇ ಹಕ್ಕು ನಿಮ್ಮ ತಮ್ಮನಿಗೂ ಇದೆ.

ತಮ್ಮನ ವಿಷಯಕ್ಕೆ ಬರುತ್ತೇನೆ. ಅಂಥ ಘಟನೆಯ ಮೇಲೆ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಚಿತ್ರ ಕಣ್ಮುಂದೆ ಬರುವುದು ಯಾರಿಗಾದರೂ ಆಗುವಂಥದ್ದೇ, ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಇಳಿಯದಿದ್ದರೆ ಚಿಕಿತ್ಸೆ ಬೇಕು. ಅವನಿಗೆ ಆರು ವಾರವಾಗಿದೆ, ಇನ್ನು ಕಾಯುವುದು ಬೇಡ. ಚಿಕ್ಕ ವಯಸ್ಸು, ಒಂದು ಘಟನೆ, ಆರು ವಾರ. ಈಗ ಹಿಡಿದರೆ ಗುಣವಾಗುವುದು ಅಪ್ಪಾಜಿಗಿಂತ ಸುಲಭ. ಈಗ ಬಿಟ್ಟರೆ ಇನ್ನೂ ಇಪ್ಪತ್ತೈದು ಮೂವತ್ತು ವರ್ಷದ ಇಂಥ ಕೆಲಸ ಅದರ ಮೇಲೆಯೇ ಪೇರಿಸುತ್ತ ಹೋಗುತ್ತದೆ.

ಅವನ ಫೋನು ನೋಡಲು ಹೇಳಿ. ಸ್ಥಳ ಮಹಜರಿನ ವೇಳೆ ತೆಗೆದ ಶವದ ಫೋಟೊಗಳು ಕಾನ್‌ಸ್ಟೇಬಲ್‌ಗಳ ಸ್ವಂತ ಮೊಬೈಲಿನ ಗ್ಯಾಲರಿಯಲ್ಲೇ ಉಳಿದಿರುತ್ತವೆ. ಮಗಳ ಹುಟ್ಟುಹಬ್ಬದ ಫೋಟೊ ಹುಡುಕುವಾಗ ಬೆರಳ ತುದಿಗೆ ಅವೇ ಬರುತ್ತವೆ, ಕೆಲವು ಫೋನುಗಳು ‘ಹಿಂದಿನ ನೆನಪು’ ಎಂದು ತಾವಾಗಿ ತೋರಿಸುತ್ತವೆ. ಅವು ಸಾಕ್ಷ್ಯ. ತನಿಖಾಧಿಕಾರಿಗೆ ತಲುಪಿಸಿ, ಅವರ ಒಪ್ಪಿಗೆ ಪಡೆದ ನಂತರವೇ ತನ್ನ ಫೋನಿನಿಂದ, ಠಾಣೆಯ ವಾಟ್ಸ್ಆ್ಯಪ್ ಗುಂಪಿನ ಡೌನ್‌ಲೋಡಿನಿಂದ ತೆಗೆಯಲಿ. ಚಿಕ್ಕ ಕೆಲಸ, ಆದರೆ ಇದರಿಂದ ಆಗುವ ಹಗುರ ಸಣ್ಣದಲ್ಲ.

ರಜೆ ಬೇಕಾದರೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪರಿವರ್ತಿತ ರಜೆ ಇದೆ. ಅರ್ಧ ವೇತನ ರಜೆಯ ಖಾತೆಯಿಂದ ಎರಡು ದಿನ ಕಳೆದು ಒಂದು ದಿನ ಪೂರ್ಣ ಸಂಬಳದ ರಜೆ ಸಿಗುತ್ತದೆ. ರಜೆ ಬೇಡವೆಂದರೆ ಕೆಲವು ವಾರ ಅಪಘಾತದ ಕರೆಗಳಿಂದ, ರೈಫಲ್ ಹಿಡಿಯುವ ಸೆಂಟ್ರಿ ಡ್ಯೂಟಿಯಿಂದ ಬಿಡುವು ಕೇಳಬಹುದು. ಠಾಣೆಯ ಕಂಪ್ಯೂಟರ್ ಕೆಲಸ, ಸಮನ್ಸ್ ಜಾರಿ, ರೈಟರ್‌ಗೆ ಸಹಾಯ ಇಂಥವು ಆಗುತ್ತವೆ. ‘ನಿದ್ದೆಯ ತೊಂದರೆಗೆ ಚಿಕಿತ್ಸೆಯಲ್ಲಿದ್ದೇನೆ, ಆರು ವಾರ ರಾತ್ರಿ ಪಾಳಿ ಮತ್ತು ಶಸ್ತ್ರದ ಡ್ಯೂಟಿ ಬೇಡವೆಂದು ವೈದ್ಯರು ಹೇಳಿದ್ದಾರೆ’ ಎಂದು ಪಿಎಸ್‌ಐ ಸಾಹೇಬರ ಹತ್ತಿರ ಒಬ್ಬನೇ ಹೋಗಿ ಹೇಳಲಿ, ಎಲ್ಲರೆದುರು ಹಾಜರಾತಿಯಲ್ಲಲ್ಲ. ಕಾಯಿಲೆಯ ಪೂರ್ತಿ ಹೆಸರು ಹೇಳಬೇಕಾಗಿಲ್ಲ.

ಠಾಣೆ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಭೀಕರ ಶವ ಎತ್ತಿದ ದಿನ ಸಿಬ್ಬಂದಿಯನ್ನು ಕೂರಿಸಿ ‘ಏನು ಅನ್ನಿಸಿತು ಹೇಳಿ’ ಎಂದು ಒತ್ತಾಯಿಸಬೇಡಿ. ಹೀಗೆ ಒಮ್ಮೆ ಬಲವಂತವಾಗಿ ಬಾಯಿ ಬಿಡಿಸುವುದರಿಂದ ಲಾಭವಿಲ್ಲ ಎಂಬುದು ಅಧ್ಯಯನಗಳಿಂದ ತಿಳಿದಿದೆ, ಕೆಲವರಿಗೆ ಅದರಿಂದ ಕೆಡುಕೇ ಹೆಚ್ಚು. ಕೈಕಾಲು ತೊಳೆದುಕೊಳ್ಳಲು ನೀರು, ಬದಲಿಸಲು ಬಟ್ಟೆ, ಬಿಸಿ ಊಟ, ಮನೆವರೆಗೆ ಒಬ್ಬ ಜೊತೆಗಾರ, ಇಷ್ಟು ಕೊಡಿ. ಮೂರನೇ ದಿನ, ಎರಡನೇ ವಾರ, ಒಂದು ತಿಂಗಳ ಹೊತ್ತಿಗೆ ‘ನಿದ್ದೆ ಬರ್ತಿದೆಯಾ’ ಎಂದು ಕೇಳಿ. ಮುಂದಿನ ಶವದ ಕರೆಗೆ ಅದೇ ಹುಡುಗನನ್ನು ಕಳಿಸಬೇಡಿ.

ತಮ್ಮನಿಗೆ ಆಗಿರುವುದನ್ನು ಅಪ್ಪಾಜಿಗೆ ಮುಚ್ಚಿಡಬೇಡಿ, ಆದರೆ ಈ ವಾರವೇ ಬೇಡ. ಅವರ ನಿದ್ದೆ, ಕುಡಿತ ಒಂದು ಹದಕ್ಕೆ ಬಂದ ಮೇಲೆ ಅಪ್ಪ ಮಗ ಇಬ್ಬರೇ ಎಲ್ಲಿಗಾದರೂ ಹೋಗಿ ಬರಲಿ. ಮಗುವಿನ ಶವ ಎತ್ತಿದವನ ಕೈಗೆ ಏನಾಗುತ್ತದೆ ಎಂದು ಆ ಮನೆಯಲ್ಲಿ ಬಲ್ಲವರು ಅವರೊಬ್ಬರೇ. ‘ನಾನಿದ್ದು ಯಾರಿಗೇನು’ ಎಂದವರಿಗೆ ನಾವು ನೀವು ಕೊಡಬಹುದಾದ ಯಾವ ಸಮಾಧಾನಕ್ಕಿಂತ, ಮಗ ಬಂದು ‘ನಿಮಗೂ ಹಿಂಗೆ ಆಗಿತ್ತಾ ಅಪ್ಪಾಜಿ?’ ಎಂದು ಕೇಳುವುದು ಹೆಚ್ಚು ತೂಕದ್ದು.

ಬ್ಯಾಚ್‌ಮೇಟಿಗೆ ಇನ್ನೊಂದು ಜವಾಬ್ದಾರಿ ಕೊಡಿ. ಆಸ್ಪತ್ರೆಗೆ ಒಮ್ಮೆ ಕರೆದೊಯ್ದ ಮೇಲೆ ಅವರ ಕೆಲಸ ಮುಗಿಯಲಿಲ್ಲ. ವಾರದಲ್ಲಿ ಒಂದು ದಿನ, ಒಂದೇ ಹೊತ್ತು, ತಪ್ಪದೆ ಬರಲಿ. ಬೆಳಿಗ್ಗೆ ನಡಿಗೆ ಆಗಬಹುದು, ಸಂಜೆ ಮಂಡಕ್ಕಿ ಮಿರ್ಚಿ ಆಗಬಹುದು. ಸಂಜೆಯ ಹೊತ್ತು ಒಳ್ಳೆಯದು, ಕುಡಿತ ಕರೆಯುವ ಸಮಯ ಅದು. ಏಪ್ರಿಲ್ 2ರ ಪೊಲೀಸ್ ಧ್ವಜ ದಿನ, ಅಕ್ಟೋಬರ್ 21ರ ಹುತಾತ್ಮರ ದಿನಕ್ಕೆ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನಕ್ಕೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಲಿ. ಮೊದಲ ಸಲ ಒಲ್ಲೆ ಎನ್ನುತ್ತಾರೆ. ಮರಳಿ ಬಂದಮೇಲೆ ಒಂದೆರಡು ದಿನ ಮೌನವಾಗುವುದೂ ಉಂಟು, ಗಾಬರಿ ಬೇಡ.

ನಿವೃತ್ತರಾದ ಮೇಲೂ ಹಳೆಯ ಕೇಸುಗಳ ಸಮನ್ಸ್ ಬರುತ್ತವೆ, ಬಂದ ದಿನದಿಂದ ನಿದ್ದೆ ಮತ್ತೆ ಕೆಡುತ್ತದೆ. ಸಮನ್ಸನ್ನು ಮೂಲೆಗೆ ಎಸೆಯಬಾರದು, ಹಾಜರಾಗದಿದ್ದರೆ ವಾರಂಟ್ ಆದೀತು. ದಾಖಲೆ ಅಥವಾ ವರದಿಯ ಕುರಿತ ಸಾಕ್ಷ್ಯವಷ್ಟೇ ಆದರೆ ನಿವೃತ್ತ ಅಧಿಕಾರಿಯ ಬದಲು ಈಗ ಆ ಹುದ್ದೆಯಲ್ಲಿರುವವರನ್ನು ಕರೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 336ನೇ ಕಲಂನಲ್ಲಿ ಅವಕಾಶವಿದೆ. ಸರ್ಕಾರಿ ವಕೀಲರಲ್ಲಿ ಮೊದಲೇ ವಿಚಾರಿಸಿ. ಹೋಗಲೇಬೇಕಾದರೆ ಹಿಂದಿನ ದಿನ ಬ್ಯಾಚ್‌ಮೇಟ್ ಜೊತೆಗಿರಲಿ, ಸಾಕ್ಷಿ ಮುಗಿದ ಸಂಜೆಯೂ ಇರಲಿ.

ಕೊನೆಗೆ ಶಾಲೆಯ ಸೆಕ್ಯುರಿಟಿ ಕೆಲಸ. ಕೆಲಸ ಅವರಿಗೆ ಒಳ್ಳೆಯದೇ, ಈಗ ಬೇಡ. ಚಿಕಿತ್ಸೆ ಶುರುವಾಗಿ ಆರರಿಂದ ಎಂಟು ವಾರ ಆಗಲಿ, ರಾತ್ರಿ ಐದಾರು ತಾಸು ಒಟ್ಟಿಗೆ ನಿದ್ದೆ ಬರಲಿ, ಕುಡಿತ ನಿಂತಿರಲಿ. ಆಮೇಲೆ ಹಗಲು ಪಾಳಿ ಮಾತ್ರ ಒಪ್ಪಿಕೊಳ್ಳಲಿ. ರಾತ್ರಿ ಪಾಳಿಗೆ ಎಷ್ಟೇ ಹೆಚ್ಚು ಸಂಬಳ ಕೊಟ್ಟರೂ ಬೇಡ ಎನ್ನಿ, ಇಷ್ಟು ದಿನ ಕಷ್ಟಪಟ್ಟು ಹಾದಿಗೆ ತಂದ ನಿದ್ದೆ ಒಂದೇ ವಾರದಲ್ಲಿ ಕೆಟ್ಟುಹೋಗುತ್ತದೆ. ಬಂದೂಕು ಹಿಡಿಯುವ ಬ್ಯಾಂಕ್ ಗಾರ್ಡ್ ಕೆಲಸಕ್ಕೆ ವೈದ್ಯರು ಬರೆದುಕೊಡದೆ ಒಪ್ಪಬೇಡಿ. ಶಾಲೆಯವರೊಂದಿಗೆ ಮಾತಾಡುವಾಗ ಒಂದು ಕೇಳಿಕೊಳ್ಳಿ. ಗೇಟಿನಲ್ಲಿ ಒಬ್ಬರನ್ನೇ ಕೂರಿಸುವ ಬದಲು ಬೆಳಿಗ್ಗೆ, ಸಂಜೆ ಮಕ್ಕಳನ್ನು ರಸ್ತೆ ದಾಟಿಸುವ, ಶಾಲಾ ಬಸ್ಸುಗಳ ಹೊತ್ತು ನೋಡಿಕೊಳ್ಳುವ ಕೆಲಸ ಕೊಟ್ಟರೆ ಇವರಿಗೆ ಹೆಚ್ಚು ಒಗ್ಗುತ್ತದೆ. ನಾಲ್ಕು ಜನರ ನಡುವೆ ಇರುತ್ತಾರೆ, ಸಂಜೆ ಐದಕ್ಕೆ ಮನೆಗೆ ಬರುತ್ತಾರೆ.